ಅಗ್ರಿ ಹುಡುಗರು ಬರೆದುಕೊಂಡು ಹೋದ ಲೆಕ್ಕ ಎಲ್ಲಿದೆ?

ಬಲಸಮುದ್ರದಲ್ಲಿ ರೈತರೊಬ್ಬರು ನನಗೆ ಕೇಳಿದ ಪ್ರಶ್ನೆ ಇದು: "ಮೂರು ಸಲ ಕಾಲೇಜು ಹುಡುಗ್ರು ಬಂದ್ರು. ಮೂರು ಸಲಾನೂ ಎಷ್ಟು ಎಕರೆ, ಎಷ್ಟು ಕುರಿ, ಯಾವ ಬೀಜ ಅಂತ ಬರ್ಕೊಂಡ್ರು. ಹೋದ ಸಲ ಬರ್ಕೊಂಡಿದ್ದು ಏನಾಯ್ತು ಸ್ವಾಮಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಬಹುಶಃ ಆ ಕಾಲೇಜಿನ ಹತ್ತಿರವೂ ಇಲ್ಲ.

ಬಿಎಸ್ಸಿ ಕೃಷಿ ಓದುವವರು ಕೊನೆಯ ವರ್ಷ ಹಳ್ಳಿಯಲ್ಲಿದ್ದು ಕಲಿಯಬೇಕು. ಇದಕ್ಕೆ ಗ್ರಾಮೀಣ ಕೃಷಿ ಕಾರ್ಯಾನುಭವ ಅಂತ ಹೆಸರು. 2015ರಲ್ಲಿ ಕೇಂದ್ರ ಸರ್ಕಾರ ತಂದ 'ಸ್ಟೂಡೆಂಟ್ ರೆಡಿ' ಯೋಜನೆಯಲ್ಲೂ ಇದು ಸೇರಿದೆ. ನೀವೂ ನೋಡಿರ್ತೀರಿ: ದೇವಸ್ಥಾನದ ಮುಂದೆ ರಂಗೋಲಿಯಲ್ಲಿ ಊರಿನ ನಕ್ಷೆ, ಟ್ರೈಕೋಡರ್ಮಾದಿಂದ ಬೀಜೋಪಚಾರ, ಅಜೋಲಾ ತೊಟ್ಟಿ, ಕೊನೆಗೊಂದು ವಸ್ತುಪ್ರದರ್ಶನ, ಫೋಟೊ. ಆಮೇಲೆ ರೆಕಾರ್ಡ್ ಪುಸ್ತಕಕ್ಕೆ ಸಹಿ, ಅಂಕ. ಹುಡುಗರನ್ನು ನಾನು ದೂರುವುದಿಲ್ಲ. ತಿಂಗಳುಗಟ್ಟಲೆ ಹಳ್ಳಿಯಲ್ಲಿ ಇರುವ ಸಂಶೋಧಕರು ಅವರ ಬಿಟ್ಟರೆ ಬೇರೆ ಯಾರಿದ್ದಾರೆ? ಆದರೆ ಅವರನ್ನು ಸಂಶೋಧಕರು ಅಂತ ಯಾರೂ ಲೆಕ್ಕಕ್ಕೇ ಇಟ್ಟಿಲ್ಲ.

ಕಾರಣ ಹಳೇದು. 1964ರಲ್ಲಿ ಶುರುವಾದ ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಅಮೆರಿಕದ ಮಾದರಿಯದು. ಬೋಧನೆ, ಸಂಶೋಧನೆ, ವಿಸ್ತರಣೆ ಮೂರೂ ಒಂದೇ ಸೂರಿನಡಿ ಇರಬೇಕು ಅನ್ನೋದು ಆ ಮಾದರಿಯ ಜೀವ. ಟೆನೆಸಿ ವಿಶ್ವವಿದ್ಯಾಲಯ ಆಗ ನೆರವಿಗೆ ಬಂದಿತ್ತು. ಸೂರು ಒಂದಾಯಿತು, ಒಳಗೆ ಗೋಡೆಗಳು ಎದ್ದವು. ಹಳ್ಳಿವಾಸ ವಿಸ್ತರಣೆಯ ಖಾನೆಗೆ ಬಿತ್ತು. ಪ್ರಯೋಗದ ತಾಕು ಎಂಎಸ್ಸಿ, ಪಿಎಚ್‌ಡಿಯವರ ಪಾಲಾಯಿತು. ಡಿಗ್ರಿ ಹುಡುಗರು ಬರೆದದ್ದು ತಳಿವಿಜ್ಞಾನಿಯ ಮೇಜಿಗೆ ಹೋಗುವ ದಾರಿಯೇ ಇಲ್ಲ. ನಮ್ಮ ಹಿರೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರವಂತೂ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯದು, ಅಂದರೆ ಬೇರೆ ಮನೆಯೇ.

ಇದರಿಂದ ಏನು ಕಳಕೊಂಡೆವು ಅನ್ನೋದಕ್ಕೆ ಕಡಲೆಕಾಯಿ ನೋಡಿ. ಟಿಎಂವಿ-2 ತಳಿ ತಮಿಳುನಾಡಿನ ತಿಂಡಿವನಂನಿಂದ ಬಿಡುಗಡೆಯಾದದ್ದು 1940ರಲ್ಲಿ. ಎಂಬತ್ತು ವರ್ಷ ದಾಟಿದರೂ ರೈತ ಅದನ್ನು ಪೂರ್ತಿ ಕೈಬಿಟ್ಟಿಲ್ಲ. ಈ ನಡುವೆ ಆಂಧ್ರದ ಕದಿರಿ ಸಂಶೋಧನಾ ಕೇಂದ್ರದ ಕೆ-6, ಆಮೇಲೆ ಕದಿರಿ ಲೇಪಾಕ್ಷಿ ಗಡಿ ದಾಟಿ ಪಾವಗಡಕ್ಕೆ ಬಂದವು. ಹೆಚ್ಚಿನ ಬೀಜ ಬಂದದ್ದು ನೆಂಟರ ಮನೆಯಿಂದ, ವ್ಯಾಪಾರಿಯಿಂದ. ಹಳೇ ತಳಿ ಯಾಕೆ ಉಳೀತು? ದನಕ್ಕೆ ಹೊಟ್ಟು ಚೆನ್ನಾಗಿರುತ್ತೆ ಅಂತಲೋ, ದಲ್ಲಾಳಿ ಒಪ್ಪುತ್ತಾನೆ ಅಂತಲೋ? ಊಡು ಇಳಿಯುವಾಗ ಮಳೆ ಕೈಕೊಟ್ಟರೆ ಯಾವ ತಳಿ ತಡೀತು? ಇದನ್ನು ತಿಳಿಯಲು ಪ್ರಯೋಗಾಲಯ ಬೇಡ. ಇಪ್ಪತ್ತು ಹಳ್ಳಿಯಲ್ಲಿ ಇಪ್ಪತ್ತು ಹುಡುಗರು ಒಂದೇ ಪ್ರಶ್ನೆ ಕೇಳಿ, ಒಂದೇ ಅಳತೆಯ ಚೌಕದಲ್ಲಿ ಗಿಡ ಕಿತ್ತು ಕಾಯಿ ಎಣಿಸಿ, ಮುಂದಿನ ವರ್ಷದ ಬ್ಯಾಚು ಅದೇ ಹೊಲಕ್ಕೆ ಮತ್ತೆ ಹೋದರೆ ಸಾಕು.

ಹುಡುಗರ ಲೆಕ್ಕ ನಂಬಬಹುದಾ ಅನ್ನುವವರಿದ್ದಾರೆ. ಅನುಮಾನ ಸರಿಯೇ, ಅಂಕಕ್ಕಾಗಿ ಮನೆಯಲ್ಲೇ ಕೂತು ಅಂಕಿ ತುಂಬುವವರೂ ಇರ್ತಾರೆ. ಆದರೆ ತಾನು ಬರೆದದ್ದನ್ನು ಯಾರೂ ಓದೋದಿಲ್ಲ ಅಂತ ಗೊತ್ತಿದ್ದರೆ ಯಾರು ತಾನೇ ಬಿಸಿಲಲ್ಲಿ ಕಾಯಿ ಎಣಿಸ್ತಾರೆ? ಮೇಷ್ಟ್ರು ಹತ್ತರಲ್ಲಿ ಒಂದು ಹೊಲಕ್ಕಾದರೂ ತಾವೇ ಹೋಗಿ ಮರು ಎಣಿಸಲಿ.

ಕಾಲವೂ ಹೊಂದಬೇಕು. ಕೆಂಪು ಕಂಬಳಿಹುಳುವಿನ ಚಿಟ್ಟೆ ಏಳೋದು ಮುಂಗಾರಿನ ಮೊದಲ ಹದ ಮಳೆ ಬಿದ್ದ ರಾತ್ರಿಗಳಲ್ಲಿ, ದೀಪಕ್ಕೆ ಮುತ್ತುತ್ತವೆ. ಅವನ್ನು ಎಣಿಸಬೇಕಾದ ದಿನ ಹುಡುಗರು ತರಗತಿಯಲ್ಲೋ ಪರೀಕ್ಷೆಯಲ್ಲೋ ಇರ್ತಾರೆ. ಸೆಮಿಸ್ಟರ್ ಕ್ಯಾಲೆಂಡರಿಗೂ ಮಳೆ ನಕ್ಷತ್ರಕ್ಕೂ ನಂಟಿಲ್ಲ.

ಆ ರೈತರು ಈ ಸಲ ಹುಡುಗರು ಬಂದರೆ ಮೊದಲು ಹಿಂದಿನ ಬ್ಯಾಚಿನ ಪುಸ್ತಕ ತೋರಿಸಿ ಅಂತ ಕೇಳ್ತಾರಂತೆ. ತೋರಿಸಿದರೆ ಮಾತ್ರ ಎಷ್ಟು ಕುರಿ ಅಂತ ಹೇಳ್ತಾರಂತೆ.