ಹಿತ್ತಲ ಒಲೆ

ಮಸ್ಕತ್ತಿನ ನಮ್ಮ ಮನೆಯ ಹಿತ್ತಲಲ್ಲಿ ಈ ಚಳಿಗಾಲ ಪಿಜ್ಜಾ ಒಲೆ ಕಟ್ಟಿದೆವು. ಫೈರ್ ಬ್ರಿಕ್ ನೆಲದ ಮೇಲೆ ಒದ್ದೆ ಮರಳಿನ ಗುಡ್ಡೆ, ಅದಕ್ಕೆ ಒದ್ದೆ ಪತ್ರಿಕೆಯ ಹೊದಿಕೆ, ಮೇಲೆ ಜೇಡಿಮಣ್ಣು-ಮರಳು ಕಲಸಿ ಮೆತ್ತುವುದು. ಗಟ್ಟಿಯಾದ ಮೇಲೆ ಒಳಗಿನ ಮರಳು ತೆಗೆದರೆ ಗುಮ್ಮಟ ನಿಲ್ಲುತ್ತದೆ. ಬಾಯಿ ತೀರಾ ಎತ್ತರವಾದರೆ ಬಿಸಿ ಸೋರುತ್ತದೆ, ತಗ್ಗಾದರೆ ಹೊಗೆ ಕಟ್ಟುತ್ತದೆ.

ಇಷ್ಟೆಲ್ಲ ಲೆಕ್ಕ ಹಾಕಿದವರು ಎಡವಿದ್ದು ಆತುರದಲ್ಲಿ. ಗಲ್ಫ್ ಬಿಸಿಲಲ್ಲವೇ, ಮೂರೇ ದಿನಕ್ಕೆ ಒಣಗಿತೆಂದು ಶುಕ್ರವಾರ ಸ್ನೇಹಿತರನ್ನು ಕರೆದು ಭರ್ಜರಿ ಉರಿ ಹಾಕಿದೆವು. ಒಣಗಿದ್ದು ಹೊರಮೈ ಮಾತ್ರ! ಒಳಗಿನ ನೀರು ಆವಿಯಾಗಿ ಗುಮ್ಮಟ ಸೀಳಿತು; ಬಂದವರಿಗೆ ದೋಸೆ ಹುಯ್ದೆವು. "ಹೊಸ ಒಲೆಗೆ ಮೊದಲ ದಿನವೇ ಅಷ್ಟು ಉರಿ ಹಾಕ್ತಾರೇನ್ರೋ?" ಎಂದು ಊರಿನಿಂದ ಅಮ್ಮ ಫೋನಿನಲ್ಲಿ ನಕ್ಕರು.

ಎರಡನೆಯದನ್ನು ನೆರಳಲ್ಲಿ ಒಣಗಿಸಿ, ವಾರವಿಡೀ ಸಣ್ಣ ಉರಿ ಕೊಟ್ಟೆವು. ಈಗ ಪಿಜ್ಜಾ ಎರಡೇ ನಿಮಿಷಕ್ಕೆ ಬೇಯುತ್ತದೆ. ಉಳಿದ ಕೆಂಡದಲ್ಲಿ ಬದನೆಕಾಯಿ ಸುಟ್ಟು ಗೊಜ್ಜು.