ಜ್ವರದ ಲೆಕ್ಕ, ಗಾಬರಿಯ ಲೆಕ್ಕ

ಊರಲ್ಲಿ ಫ್ಲೂ ಎಷ್ಟಿದೆ ಎಂದು ತಿಳಿಯಲು ಆಸ್ಪತ್ರೆಗೆ ಹೋಗಬೇಕಿಲ್ಲ, ಜನ ಗೂಗಲ್‌ನಲ್ಲಿ ಏನು ಹುಡುಕುತ್ತಿದ್ದಾರೆ ಎಂದು ನೋಡಿದರೆ ಸಾಕು. 2008ರಲ್ಲಿ ‘ಗೂಗಲ್ ಫ್ಲೂ ಟ್ರೆಂಡ್ಸ್’ ಹೀಗೆ ಹೇಳಿದಾಗ ಜಗತ್ತು ತಲೆದೂಗಿತ್ತು. ಅಮೆರಿಕದ ರೋಗ ನಿಯಂತ್ರಣ ಕೇಂದ್ರದ (ಸಿಡಿಸಿ) ವರದಿಗೆ ಒಂದೆರಡು ವಾರ ಕಾಯಬೇಕಿತ್ತು, ಇದಕ್ಕೆ ಒಂದು ದಿನ ಸಾಕಾಗಿತ್ತು. ಐದು ಕೋಟಿ ಹುಡುಕಾಟಗಳನ್ನು ಜಾಲಾಡಿ, ಹಳೆಯ ಫ್ಲೂ ಅಂಕಿಗಳ ಏರಿಳಿತಕ್ಕೆ ಹೊಂದುವ 45ನ್ನು ಆರಿಸಿಕೊಂಡಿದ್ದರು. ಹೀಗೆ ಜಾಲಾಡುವಾಗ ಹೈಸ್ಕೂಲ್ ಬಾಸ್ಕೆಟ್‌ಬಾಲ್ ಕೂಡ ಸಿಕ್ಕಿಬಿದ್ದಿತ್ತು. ಅಲ್ಲಿ ಆ ಆಟದ ಕಾಲವೂ ಚಳಿಗಾಲವೇ! ಅನುಮಾನ ಆಗಲೇ ಬರಬೇಕಿತ್ತು.

2009ರಲ್ಲಿ ಎಚ್‌1ಎನ್‌1 ಚಳಿಗಾಲ ಮುಗಿದ ಮೇಲೆ ಅಕಾಲದಲ್ಲಿ ಬಂದಾಗ ಈ ಯಂತ್ರಕ್ಕೆ ಅದು ಸರಿಯಾಗಿ ಕಾಣಲಿಲ್ಲ. 2012-13ರ ಚಳಿಗಾಲದಲ್ಲಿ ಅದು ಹೇಳಿದ ಪ್ರಮಾಣ ಸಿಡಿಸಿ ಲೆಕ್ಕದ ಎರಡು ಪಟ್ಟನ್ನೂ ದಾಟಿತು. ಟಿವಿ, ಪತ್ರಿಕೆಗಳ ತುಂಬ ಫ್ಲೂ ಸುದ್ದಿ ಇದ್ದಾಗ ಮೂಗು ಸೋರದವರೂ ಹುಡುಕುತ್ತಾರೆ. ಯಂತ್ರ ಗಾಬರಿಯನ್ನೂ ಜ್ವರದ ಲೆಕ್ಕಕ್ಕೇ ಸೇರಿಸಿತು. 2015ರಲ್ಲಿ ಅಂಗಡಿ ಮುಚ್ಚಿತು.

ಉಳಿದದ್ದು ಹಳೆಯ ದಾರಿ. ನಿಗದಿಯಾದ ಕೆಲವು ಆಸ್ಪತ್ರೆ, ಕ್ಲಿನಿಕ್‌ಗಳ ವೈದ್ಯರು ವಾರಕ್ಕೊಮ್ಮೆ ಎರಡು ಸಂಖ್ಯೆ ಬರೆಯುತ್ತಾರೆ: ಒಟ್ಟು ಎಷ್ಟು ರೋಗಿಗಳು ಬಂದರು, ಅವರಲ್ಲಿ ಫ್ಲೂ ಲಕ್ಷಣ ಇದ್ದವರೆಷ್ಟು. ಲಕ್ಷಣವೆಂದರೆ ಏನು ಎಂಬುದಕ್ಕೂ ವಿಶ್ವ ಆರೋಗ್ಯ ಸಂಸ್ಥೆಯ ಅಳತೆಗೋಲಿದೆ: 38 ಡಿಗ್ರಿ ಸೆಲ್ಸಿಯಸ್ ಅಥವಾ ಹೆಚ್ಚಿನ ಜ್ವರ, ಜೊತೆಗೆ ಕೆಮ್ಮು, ಶುರುವಾಗಿ ಹತ್ತು ದಿನದೊಳಗಿರಬೇಕು. ಒಟ್ಟು ಸಂಖ್ಯೆ ಇಲ್ಲದಿದ್ದರೆ ಎರಡನೆಯದಕ್ಕೆ ಅರ್ಥವೇ ಇಲ್ಲ. ಹಬ್ಬದ ವಾರ ಕ್ಲಿನಿಕ್ ಖಾಲಿಯಾದರೆ ರೋಗವೇ ಇಳಿಯಿತು ಅನ್ನಿಸಿಬಿಡುತ್ತದೆ. ಲಂಡನ್ನಿನ ಅಂಕಿಅಂಶ ತಜ್ಞ ವಿಲಿಯಂ ಫಾರ್ 1847ರಲ್ಲೇ ಮಾಡಿದ್ದು ಇಂಥದೇ ಕೆಲಸ. ವಾರವಾರದ ಸಾವಿನ ಪಟ್ಟಿಯನ್ನು ಮಾಮೂಲಿ ವರ್ಷಗಳ ಪಟ್ಟಿಯ ಪಕ್ಕ ಇಟ್ಟು, ಹೆಚ್ಚಾದದ್ದು ಎಷ್ಟು ಎಂದು ನೋಡಿ ಫ್ಲೂ ಮಾಡಿದ ಹಾನಿಯನ್ನು ಅಳೆದ.

ಇನ್ನೊಂದು ಕೆಲಸ ಯಾವ ಹುಡುಕಾಟದಿಂದಲೂ ಆಗದು. ಕೆಲವು ರೋಗಿಗಳ ಗಂಟಲು, ಮೂಗಿನ ದ್ರವ ಪ್ರಯೋಗಾಲಯಕ್ಕೆ ಹೋಗುತ್ತದೆ. ಓಡಾಡುತ್ತಿರುವುದು ಎಚ್‌3ಎನ್‌2ವೋ, ಎಚ್‌1ಎನ್‌1ವೋ, ಬಿ ವೈರಸ್ಸೋ ಎಂಬುದು ತಿಳಿಯುವುದು ಅಲ್ಲಿ. 1952ರಿಂದ ನಡೆದುಬಂದಿರುವ ವಿಶ್ವ ಆರೋಗ್ಯ ಸಂಸ್ಥೆಯ ಜಾಲ ಈ ಮಾದರಿಗಳನ್ನು ನೋಡಿ ವರ್ಷಕ್ಕೆರಡು ಬಾರಿ ಲಸಿಕೆಯಲ್ಲಿ ಏನಿರಬೇಕೆಂದು ಹೇಳುತ್ತದೆ: ಫೆಬ್ರವರಿಯಲ್ಲಿ ಉತ್ತರಾರ್ಧ ಗೋಳಕ್ಕೆ, ಸೆಪ್ಟೆಂಬರಿನಲ್ಲಿ ದಕ್ಷಿಣಾರ್ಧಕ್ಕೆ. ಬಿ ವೈರಸ್ಸಿನ ಯಮಗಾಟ ಎಂಬ ಕವಲು 2020ರ ಮಾರ್ಚಿನ ನಂತರ ಖಚಿತವಾಗಿ ಸಿಕ್ಕಿಲ್ಲ ಎಂದು ಗೊತ್ತಾದದ್ದೂ ಹೀಗೆ ಹುಡುಕುತ್ತಲೇ ಇದ್ದುದರಿಂದ.

ನಮ್ಮಲ್ಲಿ 2004ರಿಂದ ಸಮಗ್ರ ರೋಗ ಕಣ್ಗಾವಲು ಯೋಜನೆ ಇದೆ. ಆರೋಗ್ಯ ಸಹಾಯಕಿಗೆ ಎಸ್ ಫಾರಂ, ವೈದ್ಯಾಧಿಕಾರಿಗೆ ಪಿ ಫಾರಂ, ಲ್ಯಾಬಿಗೆ ಎಲ್ ಫಾರಂ. ಈಗ ಎಲ್ಲ ಪೋರ್ಟಲ್‌ನಲ್ಲಿ. ಶ್ರೀನಗರದಲ್ಲಿ ಫ್ಲೂ ಚಳಿಗಾಲದ್ದು, ದೇಶದ ಬಹುಭಾಗದಲ್ಲಿ ಮಳೆಗಾಲದ್ದು ಎಂಬ ತಿಳಿವಳಿಕೆ ಬಂದದ್ದು ಇಂಥ ಲೆಕ್ಕ, ಮಾದರಿಗಳಿಂದಲೇ. ಅಂದಮೇಲೆ ಇಡೀ ದೇಶಕ್ಕೆ ಒಂದೇ ತಿಂಗಳು ಲಸಿಕೆ ಹಾಕಿ ಅನ್ನುವಂತಿಲ್ಲ. ಕೊರತೆ ಇರುವುದು ಬೇರೆ ಕಡೆ: ಕೆಮ್ಮು ಬಂದರೆ ನಾವು ಹೋಗುವುದು ಬೀದಿಯ ಖಾಸಗಿ ಕ್ಲಿನಿಕ್ಕಿಗೆ ಅಥವಾ ನೇರ ಮೆಡಿಕಲ್ ಶಾಪಿಗೆ. ಆ ಕೆಮ್ಮು ಬಹುಮಟ್ಟಿಗೆ ಯಾವ ಫಾರಮ್ಮಿಗೂ ಸೇರುವುದಿಲ್ಲ.

ಈ ಮಳೆಗಾಲ ಡಾಕ್ಟರು ಗಂಟಲ ದ್ರವ ಕೇಳಿದರೆ, ಎರಡು ನಿಮಿಷದ ಕಿರಿಕಿರಿ ಸಹಿಸಿಕೊಂಡು ಕೊಟ್ಟು ಬನ್ನಿ.