ಸೋಯಾ ಮೇಲಿನ ಆರೋಪ ಅರ್ಧಸತ್ಯ



ಹಾಲು, ಮೊಟ್ಟೆ, ಮಾಂಸ ಬಿಟ್ಟ ವೀಗನ್‌ ಊಟಕ್ಕೆ ಬೇಕಾದ ಸೋಯಾದಿಂದಲೇ ಅಮೆಜಾನ್‌ ಕಾಡು ನಾಶವಾಗುತ್ತಿದೆ ಎಂಬ ವಾದ ಒಪ್ಪುವಂಥದ್ದಲ್ಲ. ಜಗತ್ತಿನ ಸೋಯಾದಲ್ಲಿ ಸುಮಾರು ಮುಕ್ಕಾಲು ಪಾಲು ಕೋಳಿ, ಹಂದಿ, ದನಗಳ ಆಹಾರವಾಗುತ್ತದೆ. ಮನುಷ್ಯರು ನೇರವಾಗಿ ತಿನ್ನುವುದು ಅಲ್ಪ. ನಮ್ಮ ಬೈಲಹೊಂಗಲ ಸೀಮೆಯಲ್ಲೂ ಸೋಯಾ ಬೆಳೆಯುತ್ತಾರೆ. ಎಣ್ಣೆ ತೆಗೆದ ಮೇಲೆ ಉಳಿಯುವ ಸೋಯಾ ಹಿಂಡಿಗೆ ದೊಡ್ಡ ಗಿರಾಕಿ ಕೋಳಿ ಆಹಾರದ ಉದ್ಯಮವೇ.

ವೀಗನ್‌ ಊಟದ ಮೇಲಿನ ಇನ್ನೊಂದು ದೂರು ಬಾದಾಮಿಯದು. ಬಾದಾಮಿ ಬೆಳೆಗೆ ನೀರು ಬಹಳ ಬೇಕು, ನಿಜ. ಆದರೆ ವೀಗನ್‌ ಊಟವೆಂದರೆ ಬಾದಾಮಿ ಹಾಲೊಂದೇ ಅಲ್ಲವಲ್ಲ! ಕಟಕೋಳದ ಸುತ್ತಲಿನ ಎರಿ ಹೊಲದಲ್ಲಿ ಹಿಂಗಾರಿ ಬಿಳಿಜೋಳ, ಕಡಲೆ ನೆಲದಲ್ಲಿ ಉಳಿದ ತೇವದ ಮೇಲೇ ಬರುತ್ತವೆ. ಕಡಲೆಯ ಬೇರುಗಂಟು ಗಾಳಿಯ ಸಾರಜನಕವನ್ನು ಹಿಡಿದು ಕೊಡುವುದರಿಂದ ಯೂರಿಯಾ ಖರ್ಚೂ ಕಡಿಮೆ. ರೊಟ್ಟಿ, ಕಾಳುಪಲ್ಯ, ಶೇಂಗಾ ಚಟ್ನಿಯ ಊಟಕ್ಕೆ ಯಾವ ಕಾಡನ್ನೂ ಕಡಿಯಬೇಕಿಲ್ಲ. ಟೀಕಾಕಾರರು ಈ ಊಟವನ್ನೂ ಲೆಕ್ಕಕ್ಕೆ ಹಿಡಿಯಲಿ.

– ಒಬ್ಬ ರೈತ ಓದುಗ, ಕಟಕೋಳ, ತಾ. ರಾಮದುರ್ಗ